ಕಾಂಕ್ರೀಟ್ ಒಣಗುವ ಮೊದಲೇ ಪೈಪ್ ಬಂತು: ಕೊಡಗಿನ ಪಂಚಾಯಿತಿ ಕಾಮಗಾರಿಗಳಿಗೆ ಎಲ್ಲರನ್ನೂ ಒಟ್ಟಿಗೆ ಕೂರಿಸುವುದು ಹೇಗೆ?

ಪ್ರಶ್ನೆ: ನಾನು ಸೋಮವಾರಪೇಟೆ ಕಡೆಯ ಒಂದು ಗ್ರಾಮ ಪಂಚಾಯಿತಿಯ ಪಿಡಿಒ. ಬಯಲುಸೀಮೆಯವನು, ಇಲ್ಲಿಗೆ ಬಂದು ಎರಡು ವರ್ಷ ಆಯಿತು. ಕಳೆದ ವರ್ಷ ಕಾಲೋನಿ ರಸ್ತೆಗೆ ಕಾಂಕ್ರೀಟ್ ಹಾಕಿಸಿದೆವು. ನಾಲ್ಕೇ ತಿಂಗಳಿಗೆ ಕುಡಿಯುವ ನೀರಿನ ಪೈಪಿನವರು ಬಂದು ಅಗೆದರು. ಇನ್ನೊಂದು ರಸ್ತೆ ಒಂದು ಕರೆಂಟ್ ಕಂಬದಿಂದಾಗಿ ಅರ್ಧಕ್ಕೆ ನಿಂತು, ಹಾಕಿದ ಮಣ್ಣೆಲ್ಲ ಮಳೆಗೆ ಕೊಚ್ಚಿ ಹೋಯಿತು. ಈಚೆಗೆ ಒಂದು ತರಬೇತಿಯಲ್ಲಿ ಎಲ್ಲ ಇಲಾಖೆಯವರು ಸೇರಿ ಕೆಲಸ ನಿರ್ವಹಿಸುವ ವಿಧಾನಗಳ ಬಗ್ಗೆ ಹೇಳಿದರು. ಗ್ಯಾಂಟ್ ಚಾರ್ಟ್, ಕಾನ್‌ಬಾನ್, ಲಾಸ್ಟ್ ಪ್ಲಾನರ್ ಅಂತೆಲ್ಲ ತೋರಿಸಿದರು. ಇದೆಲ್ಲ ನಮ್ಮಂಥ ಸಣ್ಣ ಪಂಚಾಯಿತಿಗೆ ಉಪಯೋಗಕ್ಕೆ ಬರುತ್ತದಾ? ಬೇರೆ ಇಲಾಖೆಯವರು ನನ್ನ ಮಾತು ಯಾಕೆ ಕೇಳಬೇಕು?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅವರು ನಿಮ್ಮ ಮಾತು ಕೇಳಬೇಕಾಗಿಲ್ಲ. ಕೇಳುವುದೂ ಇಲ್ಲ. ವಿದ್ಯುತ್ತಿನವರಿಗೆ, ಅರಣ್ಯದವರಿಗೆ, ನೀರಿನವರಿಗೆ ಅವರವರ ಮೇಲಧಿಕಾರಿ ಇದ್ದಾರೆ, ಅವರವರ ಟಾರ್ಗೆಟ್ ಇದೆ, ಅವರವರ ಮಾರ್ಚ್ ತಿಂಗಳಿದೆ. "ಸಮನ್ವಯದಿಂದ ಕಾರ್ಯನಿರ್ವಹಿಸಲು ಕೋರಿದೆ" ಅಂತ ನೀವು ಬರೆದ ಪತ್ರ ಅವರ ಟಪಾಲಿನಲ್ಲಿ ನಂಬರ್ ಹಾಕಿಸಿಕೊಂಡು ಮಲಗುತ್ತದೆ ಅಷ್ಟೇ. ಆದರೆ ಕೊಡಗಿನಲ್ಲಿ ಎಲ್ಲ ಇಲಾಖೆಗೂ ಮೇಲಿನ ಒಬ್ಬ ಸಾಹೇಬರಿದ್ದಾರೆ. ಜೂನ್ ಮೊದಲ ವಾರ ಬರುತ್ತಾರೆ, ಯಾರ ಮಾತನ್ನೂ ಕೇಳುವುದಿಲ್ಲ. ಮಳೆ. ನೀವು ಕರೆಯುವ ಸಭೆ ಆ ಮಳೆಯ ಹೆಸರಿನಲ್ಲಿ ಇದ್ದರೆ ಮಾತ್ರ ಜನ ಬರುತ್ತಾರೆ, ಯಾಕೆಂದರೆ ಕೆಲಸ ಕೊಚ್ಚಿ ಹೋದರೆ ಎಲ್ಲರ ಬಿಲ್ಲೂ ಒಟ್ಟಿಗೆ ನಿಲ್ಲುತ್ತದೆ.

ನಿಮ್ಮ ಕಾಂಕ್ರೀಟ್ ಕಥೆ ಓದಿ ನನಗೆ ಸ್ವಲ್ಪ ನಗು ಬಂತು, ತಪ್ಪು ತಿಳಿಯಬೇಡಿ. ಅದೇ ತಪ್ಪನ್ನು ನಾನೂ ಮಾಡಿದ್ದೇನೆ. ಜೂನಿಯರ್ ಎಂಜಿನಿಯರ್ ಆಗಿದ್ದಾಗ ನನ್ನ ಕೈಯಲ್ಲಿ ಒಂದು 400 ಮೀಟರ್ ರಸ್ತೆ ಇತ್ತು. ಒಳ್ಳೆಯ ಮೇಸ್ತ್ರಿ, ಒಳ್ಳೆಯ ಜಲ್ಲಿ. ಗೋಣಿಚೀಲ ಹಾಸಿ ಹದಿನಾಲ್ಕು ದಿನ ನೀರು ಕಟ್ಟಿಸಿದ್ದೆ. ಕಾಂಕ್ರೀಟಿನ ಮೇಲೆ ಪೊರಕೆಯಲ್ಲಿ ಎಳೆದ ಗೆರೆ ಇನ್ನೂ ಮಾಸಿರಲಿಲ್ಲ, ಅಷ್ಟರಲ್ಲಿ ಕಟರ್ ಮೆಷಿನ್ ತಂದು ರಸ್ತೆಯ ಉದ್ದಕ್ಕೂ ಸೀಳಿದರು. ಸಿಟ್ಟಿನಲ್ಲಿ ಫೈಲ್ ಹುಡುಕಿಸಿದೆ. ನೋಡಿದರೆ ಪೈಪಿನ ಎಸ್ಟಿಮೇಟಿಗೆ ನನ್ನದಕ್ಕಿಂತ ಎಂಟು ತಿಂಗಳು ಮೊದಲೇ ತಾಂತ್ರಿಕ ಮಂಜೂರಾತಿ ಸಿಕ್ಕಿತ್ತು. ಆ ಫೈಲ್ ಇದ್ದದ್ದು ನಾನು ಕೂರುತ್ತಿದ್ದ ಕಟ್ಟಡದಲ್ಲೇ, ಮೇಲಿನ ಮಹಡಿಯಲ್ಲಿ. ಕೆಳಗೆ ರಸ್ತೆ, ಮೇಲೆ ಪೈಪು, ನಡುವೆ ಹದಿನೆಂಟು ಮೆಟ್ಟಿಲು. ನಾನು ಹತ್ತಿ ಕೇಳಲಿಲ್ಲ, ಅವರು ಇಳಿದು ಹೇಳಲಿಲ್ಲ.

2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಘೋಷಣೆ ಆಯಿತು. ಮನೆ ಮನೆಗೆ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್ ನೀರು ಅಂತ. ಅಂದರೆ ಮನೆ ಇರುವ ಪ್ರತಿ ರಸ್ತೆಯ ಬದಿಯಲ್ಲೂ ಒಂದಲ್ಲ ಒಂದು ದಿನ ಪೈಪ್ ಬಂದೇ ಬರುತ್ತದೆ ಅಂತ ಅವತ್ತೇ ಗೊತ್ತಾಗಬೇಕಿತ್ತು. ಇಂಥದ್ದಕ್ಕೆಂದೇ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಅನ್ನುವ ಆ್ಯಪ್ ತಂದಿದೆ. ಅಗೆಯುವವರು ಮೊದಲೇ ತಿಳಿಸಬೇಕು, ನೆಲದಡಿ ಕೇಬಲ್, ಪೈಪ್ ಇರುವವರಿಗೆ ಸುದ್ದಿ ಹೋಗಬೇಕು ಅನ್ನುವುದು ಅದರ ಲೆಕ್ಕ. ಒಳ್ಳೆಯದೇ. ಆದರೆ ಅದು ನೆಲದಲ್ಲಿ ಈಗಾಗಲೇ ಇರುವ ಪೈಪ್ ಉಳಿಸುತ್ತದೆ. ಮುಂದಿನ ವರ್ಷ ಬರಲಿರುವ ಪೈಪಿನಿಂದ ನಿಮ್ಮ ರಸ್ತೆ ಉಳಿಸುವುದಿಲ್ಲ.

ಇನ್ನು ತರಬೇತಿಯಲ್ಲಿ ತೋರಿಸಿದ ವಿಧಾನಗಳು. ಗ್ಯಾಂಟ್ ಚಾರ್ಟ್ ನೂರು ವರ್ಷಕ್ಕೂ ಹಳೆಯದು, ಕೆಲಸಗಳನ್ನು ಉದ್ದ ಪಟ್ಟಿಗಳಾಗಿ ಬರೆದು ಯಾವುದು ಯಾವಾಗ ಅಂತ ತೋರಿಸುತ್ತದೆ. ಯಾವ ಕೆಲಸ ತಡವಾದರೆ ಇಡೀ ಯೋಜನೆ ತಡ ಅಂತ ಲೆಕ್ಕ ಹಾಕುವ ಸಿಪಿಎಂ 1950ರ ದಶಕದ ಕೊನೆಯದು. ಅಣೆಕಟ್ಟು ಕಟ್ಟುವವರಿಗೆ ಬೇಕು. ನಿಮ್ಮ ಎಂಟು ಲಕ್ಷದ ಮೋರಿಗೆ ಬೇಡ. ಕಾನ್‌ಬಾನ್ ಟೊಯೊಟಾ ಕಾರ್ಖಾನೆಯ ಚೀಟಿ ಪದ್ಧತಿ. ಕಚೇರಿಯ ಫೈಲ್ ಓಡಿಸಲು ಚೆನ್ನಾಗಿದೆ, ರಸ್ತೆಗೆ ಅಷ್ಟಕ್ಕಷ್ಟೆ.

ನಾನು ಇಟ್ಟುಕೊಳ್ಳಿ ಅನ್ನುವುದು ಲಾಸ್ಟ್ ಪ್ಲಾನರ್ ಒಂದನ್ನೇ. ಇದನ್ನು 1990ರ ದಶಕದಲ್ಲಿ ಅಮೆರಿಕದ ಗ್ಲೆನ್ ಬ್ಯಾಲಾರ್ಡ್ ಮತ್ತು ಗ್ರೆಗ್ ಹೋವೆಲ್ ರೂಪಿಸಿದರು. ಹೆಸರು ದೊಡ್ಡದು, ವಿಷಯ ಸಣ್ಣದು. ನಾಳೆ ಬೆಳಿಗ್ಗೆ ಏನು ಮಾಡಬೇಕು ಅಂತ ನಿಜವಾಗಿ ತೀರ್ಮಾನಿಸುವವನು ಯಾರು? ಮುಖ್ಯ ಎಂಜಿನಿಯರ್ ಅಲ್ಲ. ಮೇಸ್ತ್ರಿ, ಲೈನ್‌ಮನ್, ಜೆಇ, ಜೆಸಿಬಿ ಓಡಿಸುವ ಹುಡುಗ. ಯೋಜನೆ ಮಾಡುವಾಗ ಅವನನ್ನು ಕೂರಿಸಿಕೊಳ್ಳಿ ಅನ್ನುತ್ತದೆ ಈ ವಿಧಾನ. ಮತ್ತೆ ಮೂರು ಮಾತನ್ನು ಬೇರೆ ಬೇರೆ ಇಡುತ್ತದೆ: ಆಗಬೇಕು, ಆಗಬಹುದು, ಮಾಡುತ್ತೇನೆ. ನಮ್ಮ ಸಭೆಗಳಲ್ಲಿ ಎಲ್ಲವೂ 'ಆಗಬೇಕು'. ಅಡ್ಡಿ ಏನೇನಿದೆ ಅಂತ ನೋಡಿ ಅದನ್ನು ತೆಗೆದ ಮೇಲೆ 'ಆಗಬಹುದು'. ಆಮೇಲೆ ಮಾಡುವವನ ಬಾಯಿಂದಲೇ 'ಮಾಡುತ್ತೇನೆ' ಬರಬೇಕು. ಅಡ್ಡಿ ಇರುವ ಕೆಲಸವನ್ನು ಶುರು ಮಾಡಲೇಬಾರದು, ಗುದ್ದಲಿ ಪೂಜೆ ಆಗಿದ್ದರೂ ಸರಿ.

ಇದನ್ನು ಕೊಡಗಿಗೆ ಒಗ್ಗಿಸುವುದು ಹೇಗೆ ಅಂದರೆ, ಮಳೆಯಿಂದ ಹಿಂದಕ್ಕೆ ಎಣಿಸಬೇಕು. ಏಪ್ರಿಲ್‌ನಿಂದ ಮುಂದಕ್ಕೆ ಎಣಿಸಿದರೆ ಕೆಟ್ಟಿರಿ. ಮುಂದಕ್ಕೆ ಎಣಿಸಿದರೆ ಏನಾಗುತ್ತದೆ ನಿಮಗೇ ಗೊತ್ತು. ಕ್ರಿಯಾ ಯೋಜನೆಗೆ ಅನುಮೋದನೆ ಸಿಗುವಾಗ ಮಳೆಗಾಲ, ಟೆಂಡರ್ ಆಗುವಾಗ ಡಿಸೆಂಬರ್, ಕಾರ್ಯಾದೇಶ ಬರುವಾಗ ಫೆಬ್ರವರಿ, ಮಾರ್ಚ್ 31ರ ಗಡಿಬಿಡಿಯಲ್ಲಿ ಕೆಲಸ, ಮೇ ತಿಂಗಳ ಮಳೆಗೆ ಅದು ಹೊಳೆಗೆ.

ಹಿಂದಕ್ಕೆ ಎಣಿಸಿ ನೋಡಿ. ಮುಂಗಾರು ಜೂನ್ ಮೊದಲ ವಾರ. ಆದರೆ ಏಪ್ರಿಲ್ ಕೊನೆಯಿಂದಲೇ ಸಂಜೆ ಗುಡುಗು ಮಳೆ ಶುರು, ಟಾರ್ ಕೆಲಸಕ್ಕೆ ಅದೇ ಸಾಕು ಹಾಳು ಮಾಡಲು. ಕಾಂಕ್ರೀಟಿನ ಮೇಲೆ ಲೋಡ್ ಲಾರಿ ಬಿಡಲು 28 ದಿನ ಬೇಕು. ಅಂದರೆ ಕೊನೆಯ ಕಾಂಕ್ರೀಟ್ ಏಪ್ರಿಲ್ ಎರಡನೇ ವಾರದೊಳಗೆ. ಅದಕ್ಕಿಂತ ಮೊದಲು ಮೋರಿ, ಚರಂಡಿ, ತಡೆಗೋಡೆ. ಅದಕ್ಕಿಂತ ಮೊದಲು ಪೈಪು. ಅದಕ್ಕಿಂತ ಮೊದಲು ಕಂಬ, ಮರ, ಜಾಗದ ಒಪ್ಪಿಗೆ. ಹೀಗೆ ಎಣಿಸಿಕೊಂಡು ಬಂದರೆ ಕಂಬಕ್ಕೆ ಅರ್ಜಿ ಹಾಕುವ ದಿನ ಅಕ್ಟೋಬರ್‌ಗೆ ಬಂದು ನಿಲ್ಲುತ್ತದೆ. ನೀವು ಬಹುಶಃ ಕಂಬ ನೆನಪಿಸಿಕೊಂಡದ್ದು ಮಾರ್ಚ್‌ನಲ್ಲಿ, ಅಲ್ವಾ?

ಇಲ್ಲಿ ಬಯಲುಸೀಮೆಯಿಂದ ಬಂದವರಿಗೆ ಹೊಳೆಯದ ಇನ್ನೊಂದು ಲೆಕ್ಕ ಇದೆ, ಕಾಫಿ. ಅರೇಬಿಕಾ ಕುಯ್ಲು ನವೆಂಬರ್‌ನಿಂದ ಜನವರಿ. ರೊಬಸ್ಟಾ ಜನವರಿಯಿಂದ ಮಾರ್ಚ್. ಆ ದಿನಗಳಲ್ಲಿ ತೋಟದ ರಸ್ತೆಯಲ್ಲಿ ಕಾರ್ಮಿಕರ ಜೀಪು, ಹಣ್ಣು ತುಂಬಿದ ಪಿಕಪ್ಪು ದಿನಾ ಓಡುತ್ತವೆ. ತಿಂಗಳುಗಟ್ಟಲೆ ರಸ್ತೆ ಬಂದ್ ಅಂದರೆ ತೋಟದವರು ಸುಮ್ನೆ ಬಿಡುತ್ತಾರಾ? ಬಿಡುವುದೂ ಬೇಡ, ಅವರ ವರ್ಷದ ದುಡಿಮೆ ಅದು. ಹಾಗಾಗಿ ನಿಮ್ಮ ಸೋಮವಾರಪೇಟೆ, ಮಾದಾಪುರ ಕಡೆ ಅರೇಬಿಕಾ ಜಾಸ್ತಿ ಇರುವ ರಸ್ತೆಗೆ ಕಾಂಕ್ರೀಟನ್ನು ಫೆಬ್ರವರಿ, ಮಾರ್ಚ್‌ಗೆ ಇಟ್ಟುಕೊಳ್ಳಿ. ಸಿದ್ದಾಪುರ, ಪೊನ್ನಂಪೇಟೆ ಕಡೆಯ ರೊಬಸ್ಟಾ ರಸ್ತೆಗಳಿಗೆ ನವೆಂಬರ್, ಡಿಸೆಂಬರ್ ಸರಿ. ಅಲ್ಲಿ ಆನೆ ಓಡಾಡುವ ಜಾಗವಾದರೆ ಬೆಳಗಿನ ಜಾವ, ಮುಸ್ಸಂಜೆ ನೀರು ಕಟ್ಟಲು ಆಳು ಬರುವುದಿಲ್ಲ. ಕ್ಯೂರಿಂಗ್ ಹೊತ್ತನ್ನು ಅದಕ್ಕೆ ತಕ್ಕ ಹಾಗೆ ಹೊಂದಿಸಬೇಕು. ಕುಯ್ಲಿನ ಹೊತ್ತಿಗೆ ನಿಮ್ಮ ಗುತ್ತಿಗೆದಾರರಿಗೆ ಸ್ಥಳೀಯ ಆಳೂ ಸಿಗುವುದಿಲ್ಲ, ಅದನ್ನೂ ಬರೆದಿಟ್ಟುಕೊಳ್ಳಿ. ಸಭೆಗೆ ತೋಟದ ಮಾಲೀಕರನ್ನು ಕರೆದರೆ ಸಾಲದು, ತೋಟದ ಲೆಕ್ಕ ಬರೆಯುವ ರೈಟರನ್ನು ಕರೆಯಿರಿ. ಯಾವ ಬ್ಲಾಕಿನ ಹಣ್ಣು ಯಾವ ವಾರ ಇಳಿಯುತ್ತದೆ ಅಂತ ಅವರಿಗೇ ಗೊತ್ತಿರುವುದು. ಲಾಸ್ಟ್ ಪ್ಲಾನರ್ ಅಂದರೆ ಅವರೇ.

ಈ ಸಭೆಗೆ ಅಧಿಕೃತ ನೆಪ ಬೇಕಾದರೆ ಅದೂ ಇದೆ. ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಗಾಗಿ ದೇಶದಾದ್ಯಂತ ಜನ ಯೋಜನಾ ಅಭಿಯಾನ 2018ರ ಅಕ್ಟೋಬರ್ 2ರಂದು ಶುರುವಾಯಿತು. ಆ ಗ್ರಾಮಸಭೆಗಳಿಗೆ ಇಲಾಖೆಗಳ ಕ್ಷೇತ್ರ ಸಿಬ್ಬಂದಿ ಬಂದು ತಮ್ಮ ತಮ್ಮ ಕೆಲಸ ಹೇಳಬೇಕು ಅನ್ನುವುದು ಅದರಲ್ಲೇ ಇದೆ. ಕೊಡಗಿಗೆ ಅಕ್ಟೋಬರ್ ತಿಂಗಳು ಹೇಳಿ ಮಾಡಿಸಿದ್ದು. ಮಳೆ ಹಿಂದೆ ಸರಿದಿರುತ್ತದೆ, ಕಾವೇರಿ ಸಂಕ್ರಮಣದ ಹೊತ್ತು, ಕುಯ್ಲು ಇನ್ನೂ ಶುರುವಾಗಿರುವುದಿಲ್ಲ. ಆ ಸಭೆಯಲ್ಲಿ ಬೇಡಿಕೆ ಪಟ್ಟಿ ಮಾತ್ರ ಓದಿ ಮುಗಿಸಬೇಡಿ. ಪಂಚಾಯಿತಿಯ ದೊಡ್ಡ ನಕ್ಷೆ ಒಂದನ್ನು ಮೇಜಿನ ಮೇಲೆ ಹಾಸಿ. ಪ್ರತಿ ಇಲಾಖೆಯವರ ಕೈಗೂ ಒಂದೊಂದು ಬಣ್ಣದ ಸ್ಕೆಚ್ ಪೆನ್ ಕೊಡಿ. ಮುಂದಿನ ಎರಡು ವರ್ಷದಲ್ಲಿ ಅವರು ಎಲ್ಲೆಲ್ಲಿ ನೆಲ ಮುಟ್ಟುತ್ತಾರೋ ಅಲ್ಲಿ ಗೆರೆ ಎಳೆಯಲಿ. ಎರಡು ಬಣ್ಣ ಒಂದರ ಮೇಲೊಂದು ಬಂದ ಕಡೆ ಮಾತ್ರ ಚರ್ಚೆ. ಉಳಿದ ಕಡೆಗೆ ಚಹಾ ಕುಡಿದು ಹೋಗಬಹುದು. ನನ್ನ ಅನುಭವದಲ್ಲಿ ಈ ಒಂದು ಗಂಟೆ ಉಳಿಸಿದಷ್ಟು ಸರ್ಕಾರಿ ದುಡ್ಡನ್ನು ಯಾವ ಸಾಫ್ಟ್‌ವೇರೂ ಉಳಿಸಿಲ್ಲ.

ಎಸ್ಟಿಮೇಟ್ ಬಗ್ಗೆ ಒಂದು ಮಾತು. ನಾವು ಎಂಜಿನಿಯರುಗಳು ಅದನ್ನು ಒಣ ನೆಲದಲ್ಲಿ ಬರೆಯುತ್ತೇವೆ, ಫೆಬ್ರವರಿ ಬಿಸಿಲಲ್ಲಿ ಟೇಪ್ ಹಿಡಿದು. ಕೊಡಗಿನ ರಸ್ತೆಯನ್ನು ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ, ಮಳೆಯಲ್ಲಿ ಕೊಡೆ ಹಿಡಿದು ನೋಡಬೇಕು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ರಸ್ತೆ ಗುರುತು ಮಾಡುವ ಮೊದಲು ಎಂಜಿನಿಯರ್, ಪಂಚಾಯಿತಿಯವರು, ಅರಣ್ಯದವರು, ಊರಿನ ಜನ ಒಟ್ಟಿಗೆ ಆ ದಾರಿಯನ್ನು ನಡೆದು ನೋಡಬೇಕು ಅನ್ನುವ ನಿಯಮ ಇದೆ. ಟ್ರಾನ್ಸೆಕ್ಟ್ ವಾಕ್ ಅನ್ನುತ್ತಾರೆ. ಬಹಳ ಕಡೆ ಅದು ಫೋಟೋಗೆ ಮುಗಿಯುತ್ತದೆ. ಒಮ್ಮೆ ನಾನು ಅಂಥದೇ ಒಂದು ನಡಿಗೆಯಲ್ಲಿ ಗಡಿಬಿಡಿ ಮಾಡುತ್ತಿದ್ದೆ. ಹಿಂದೆ ಒಬ್ಬ ಅಜ್ಜ ಕೋಲೂರಿಕೊಂಡು ನಿಧಾನ ಬರುತ್ತಿದ್ದರು. ನನ್ನ ಎಸ್ಟಿಮೇಟಿನಲ್ಲಿ ಮೋರಿ ಇದ್ದದ್ದು 340 ಮೀಟರಿನಲ್ಲಿ, ಅಲ್ಲಿ ತಗ್ಗು ಕಾಣುತ್ತಿತ್ತು. ಅಜ್ಜ 410ರ ಹತ್ತಿರ ನಿಂತು ಒಂದು ಹಲಸಿನ ಮರದ ಬುಡ ತೋರಿಸಿದರು. ಮೊಣಕಾಲೆತ್ತರಕ್ಕೆ ತೊಗಟೆಯ ಮೇಲೆ ಕೆಸರಿನ ಗೆರೆ, ಅದರ ಕೆಳಗೆ ಪಾಚಿ. "ಇಲ್ಲಿ ಬರುತ್ತೆ ಮಾರಾಯ್ರೆ ನೀರು, ಅಲ್ಲಲ್ಲ" ಅಂದರು. ಮೇಲಿನ ತೋಟದವರು ಕೆರೆ ತೋಡಿದ ಮೇಲೆ ನೀರಿನ ದಾರಿಯೇ ಬದಲಾಗಿತ್ತು. ಮೋರಿಯನ್ನು 410ಕ್ಕೆ ಸರಿಸಿದೆ. ಆ ಜುಲೈಯಲ್ಲಿ ನೋಡಲು ಹೋದರೆ 340ರಲ್ಲಿ ಹುಲ್ಲು ಒದ್ದೆ ಅಷ್ಟೇ, 410ರಲ್ಲಿ ಮೋರಿಯ ಬಾಯಿ ತುಂಬ ಕೆಂಪು ನೀರು.

ಜಾಗದ ವಿಷಯ ಕೊಡಗಿನಲ್ಲಿ ಸ್ವಲ್ಪ ತೊಡಕು. ಒಂದೇ ಕಿಲೋಮೀಟರಿನಲ್ಲಿ ರಸ್ತೆ ಪೈಸಾರಿ ಅಂದರೆ ಸರ್ಕಾರಿ ಜಾಗ ದಾಟಿ, ಮನೆತನಗಳಿಗೆ ವಂಶಪಾರಂಪರ್ಯವಾಗಿ ಬಂದ ಜಮ್ಮ ಬಾಣೆಗೆ ಹೊಕ್ಕು, ದೇವರಕಾಡಿನ ಅಂಚು ಸವರಿಕೊಂಡು ಹೋಗಿರಬಹುದು. ಜಿಲ್ಲೆಯಲ್ಲಿ ದೇವರಕಾಡುಗಳೇ 1200ಕ್ಕೂ ಹೆಚ್ಚಿವೆ. ಹಿಂದೆ ಹಿರಿಯರು ಬಾಯಿಮಾತಿನಲ್ಲಿ ದಾರಿ ಬಿಟ್ಟುಕೊಟ್ಟಿರುತ್ತಾರೆ. ಇವತ್ತು ಮಗ ಬೆಂಗಳೂರಿನಿಂದ ಬಂದು ಗೇಟ್ ಹಾಕುತ್ತಾನೆ. ಜಮ್ಮ ಜಾಗದಲ್ಲಿ, ಮನೆತನದ ಪರವಾಗಿ ದಾಖಲೆಯಲ್ಲಿ ಹೆಸರಿರುವ ಪಟ್ಟೇದಾರರ ಸಹಿ ಒಂದಿದ್ದರೆ ಆಯಿತು ಅಂದುಕೊಳ್ಳಬೇಡಿ. ಒಕ್ಕದ, ಅಂದರೆ ಆ ಮನೆತನದ, ಪಾಲುದಾರರು ಬೇರೆ ಇರುತ್ತಾರೆ, ಅವರನ್ನೂ ಅವರ ಮೂಲಮನೆಯಾದ ಐನ್‌ಮನೆಗೆ ಹೋಗಿ ಕಾಣಿ. ಹುತ್ತರಿ ಸುಗ್ಗಿ ಹಬ್ಬಕ್ಕೆ ಎಲ್ಲರೂ ಊರಿಗೆ ಬಂದಿರುತ್ತಾರೆ, ಒಳ್ಳೆಯ ಸಮಯ. ಮರದ ಹಕ್ಕಂತೂ ಜಮೀನು ರಿಡೀಮ್ಡೋ (ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಹಕ್ಕು ಬಿಡಿಸಿಕೊಂಡದ್ದೋ) ಅನ್‌ರಿಡೀಮ್ಡೋ ಅನ್ನುವುದರ ಮೇಲೆ ಹೋಗುತ್ತದೆ. ಆದ್ದರಿಂದ ಒಂದು ಸಿಲ್ವರ್ ಓಕ್ ಕಡಿಯುವ ಮೊದಲೂ ಅರಣ್ಯದವರನ್ನು ಸ್ಥಳಕ್ಕೆ ಕರೆಸಿಕೊಳ್ಳಿ. ಮರ ಬಿದ್ದ ಮೇಲೆ ಅನುಮತಿ ಕೇಳಲು ಹೋದವರ ಕಥೆ ಬೇಡ.

ಇನ್ನು ವಾರದ ಹಾಳೆ. ಕೆಲಸ ಶುರುವಾದ ಮೇಲೆ ಪ್ರತಿ ಶನಿವಾರ ಸಂಜೆ, ಸ್ಥಳದಲ್ಲೇ, ನಿಂತುಕೊಂಡೇ, ಹದಿನೈದು ನಿಮಿಷ. ಕುರ್ಚಿ ಹಾಕಿದರೆ ಒಂದು ಗಂಟೆ ಆಗುತ್ತದೆ. ಒಂದು ಡ್ರಾಯಿಂಗ್ ಶೀಟಿನಲ್ಲಿ ನಾಲ್ಕು ಕಲಂ: ಏನು, ಯಾರು, ಯಾವ ದಿನ, ಆಯಿತೋ ಇಲ್ಲವೋ. ಮಾಡುವವನೇ ತನ್ನ ಕೈಯಾರೆ ಬರೆಯಬೇಕು. ಮುಂದಿನ ಶನಿವಾರ ಟಿಕ್ ಅಥವಾ ಇಂಟು. 'ಬಹುತೇಕ ಆಗಿದೆ' ಅನ್ನುವುದಕ್ಕೆ ಇಂಟು. ಇಂಟು ಬಿದ್ದರೆ ಪಕ್ಕದಲ್ಲಿ ಒಂದೇ ಪದದಲ್ಲಿ ಕಾರಣ: ಜಲ್ಲಿ, ಆಳು, ಕಂಬ, ಮಳೆ, ಬಿಲ್. ಹತ್ತು ಮಾತಿಗೆ ಆರು ಉಳಿದರೆ ನೂರಕ್ಕೆ ಅರವತ್ತು. ಬೇಜಾರು ಮಾಡಿಕೊಳ್ಳಬೇಡಿ. ಈ ಪದ್ಧತಿ ಶುರು ಮಾಡಿದವರು ಅಮೆರಿಕದ ಕಾಮಗಾರಿಗಳಲ್ಲಿ ಎಣಿಸಿದಾಗ ಸಿಕ್ಕಿದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ. ಇಲ್ಲಿ ಮುಖ್ಯ ಅಂಕಿ ಅಲ್ಲ, ಕಾರಣದ ಕಲಂ. ನನ್ನ ಒಂದು ಕೆಲಸದಲ್ಲಿ ಐದು ವಾರದ ಹಾಳೆ ಕೂಡಿಸಿ ನೋಡಿದೆ, 'ಜಲ್ಲಿ' ಏಳು ಸಲ ಬಂದಿತ್ತು. ಗುತ್ತಿಗೆದಾರರು ಸೋಮಾರಿ ಅಂತ ಅಲ್ಲಿಯವರೆಗೂ ಬೈಯುತ್ತಿದ್ದೆ. ನಿಜ ಏನೆಂದರೆ, ಲೋಡ್ ಹೊತ್ತ ಟಿಪ್ಪರ್ ಒಂದು ಹಳೆಯ ಸೇತುವೆ ದಾಟಲು ಹೆದರಿ ಸುತ್ತಿ ಬರುತ್ತಿತ್ತು, ದಿನಕ್ಕೆ ಒಂದೇ ಟ್ರಿಪ್ ಆಗುತ್ತಿತ್ತು. ಸೇತುವೆಯ ಈಚೆ ಒಬ್ಬರ ಕಣದಲ್ಲಿ ಮೊದಲೇ ಜಲ್ಲಿ ಇಳಿಸಿಟ್ಟುಕೊಂಡೆವು. ಮುಗಿಯಿತು ಸಮಸ್ಯೆ.

ವಾಟ್ಸ್ಆ್ಯಪ್ ಗ್ರೂಪ್ ಸಾಲದಾ ಅಂತ ಕೇಳುತ್ತೀರಿ. ಫೋಟೋ ಕಳಿಸಲು ಸಾಕು. ಆದರೆ ಗ್ರೂಪಿನಲ್ಲಿ ಹೆಬ್ಬೆರಳು ಎತ್ತಿದ್ದು ಒಪ್ಪಿಗೆ ಅಲ್ಲ. ತೀರ್ಮಾನ ನಡಾವಳಿ ಪುಸ್ತಕಕ್ಕೆ ಬರಬೇಕು, ಸಹಿ ಬೀಳಬೇಕು. ಜೆಇ ವರ್ಗವಾಗಿ ಹೋದರೆ ಗ್ರೂಪಿನಿಂದಲೂ ಹೋಗುತ್ತಾರೆ, ಪುಸ್ತಕ ಇರುತ್ತದೆ.

ತರಬೇತಿಯಲ್ಲಿ ಹೇಳಿದ್ದರಲ್ಲಿ ನಮಗೆ ಒಗ್ಗದ್ದೂ ಇದೆ. ಗುತ್ತಿಗೆದಾರನನ್ನು ವಿನ್ಯಾಸದ ಹಂತದಲ್ಲೇ ಕೂರಿಸಿಕೊಳ್ಳಿ, ಲಾಭ ನಷ್ಟ ಎಲ್ಲರೂ ಹಂಚಿಕೊಳ್ಳಿ ಅನ್ನುತ್ತಾರೆ. ಸರ್ಕಾರಿ ಕೆಲಸಕ್ಕೆ ಟೆಂಡರ್ ಹೇಗೆ ಕರೆಯಬೇಕು ಅಂತ ಹೇಳುವ ನಮ್ಮ ಪಾರದರ್ಶಕ ಕಾಯ್ದೆ 1999ರದ್ದು. ಟೆಂಡರ್ ಆಗುವ ಮೊದಲು ಒಬ್ಬ ಗುತ್ತಿಗೆದಾರರ ಜೊತೆ ಕೂತು ಎಸ್ಟಿಮೇಟ್ ಮಾಡಿದರೆ ನಾಳೆ ವಿಚಾರಣೆಗೆ ನೀವೇ ಕೂರಬೇಕು. ಕಾರ್ಯಾದೇಶ ಕೊಟ್ಟ ಮೇಲೆ, ಮೊದಲ ಗುದ್ದಲಿ ಬೀಳುವ ಮೊದಲು, ಒಂದು ದಿನ ಕೂರಿಸಿಕೊಳ್ಳಿ ಸಾಕು. ಹಾಗೆಯೇ 'ಎಲ್ಲರ ಜವಾಬ್ದಾರಿ' ಅನ್ನುವ ಮಾತಿನ ಬಗ್ಗೆ ಹುಷಾರು. ಎಂಬಿ ಪುಸ್ತಕದಲ್ಲಿ ಅಳತೆ ಬರೆದು ಸಹಿ ಹಾಕುವವರು ಒಬ್ಬರೇ ಎಂಜಿನಿಯರ್. ಸಭೆ ಹೇಳಿತು ಅಂತ ಅಳತೆ ಬದಲಾಗಬಾರದು. ದುಡ್ಡಿನ ತಲೆಬರಹಗಳೂ ಬೇರೆ ಬೇರೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನು ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದರು. ಅದನ್ನು ರಸ್ತೆಗೆ ತಿರುಗಿಸಲು ಬರುತ್ತಿರಲಿಲ್ಲ. ಹಣ ಬೆರೆಸಲು ಹೋಗಬೇಡಿ, ದಿನಾಂಕಗಳನ್ನು ಮಾತ್ರ ಬೆರೆಸಿ.

ಕೆಲವರು 2018ರ ಆಗಸ್ಟನ್ನು ಉದಾಹರಣೆ ಕೊಡುತ್ತಾರೆ. ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡ ಜಾರಿದಾಗ, ಜೋಡುಪಾಲದ ಹತ್ತಿರ ಹೆದ್ದಾರಿ ಬಂದ್ ಆದಾಗ, ಸೈನ್ಯ, ಎನ್‌ಡಿಆರ್‌ಎಫ್, ಇಲಾಖೆಗಳು, ತೋಟದವರು ಎಲ್ಲರೂ ಒಂದೇ ಕೈಯಾಗಿ ದುಡಿಯಲಿಲ್ಲವಾ, ಈಗ ಯಾಕೆ ಆಗಲ್ಲ ಅಂತ. ನಾನು ಈ ಹೋಲಿಕೆ ಒಪ್ಪುವುದಿಲ್ಲ. ಜೀವದ ಪ್ರಶ್ನೆ ಇದ್ದಾಗ ಜನ ಸೇರುವುದು ಬೇರೆ, ಎರಡು ಲಕ್ಷದ ಚರಂಡಿಗೆ ಸೇರುವುದು ಬೇರೆ. ಎರಡನೆಯದಕ್ಕೆ ಉತ್ಸಾಹ ಸಾಲದು, ಶನಿವಾರದ ಹಾಳೆ ಬೇಕು. ಆ ವರ್ಷದಿಂದ ಕಲಿಯಬೇಕಾದ್ದು ಬೇರೆ ಒಂದಿದೆ. ರಸ್ತೆ ಅಗಲ ಮಾಡಲು ಗುಡ್ಡದ ಬುಡ ಕಡಿಯುವ ಯಾವ ಎಸ್ಟಿಮೇಟಿಗೂ, ಮೇಲಿನ ನೀರು ಎಲ್ಲಿಗೆ ಹೋಗುತ್ತದೆ ಅಂತ ಬರೆಯದೆ ಸಹಿ ಹಾಕಿಸಿಕೊಳ್ಳಬೇಡಿ.

ಈ ವರ್ಷಕ್ಕೆ ನಿಮಗೆ ಒಂದು ಸಣ್ಣ ಉಪಾಯ. ಇನ್ನು ಮುಂದೆ ಯಾವುದೇ ಕಾಂಕ್ರೀಟ್ ರಸ್ತೆ ಹಾಕಿಸುವಾಗ, ಪೈಪ್ ಬರುವುದು ಖಚಿತ ಇಲ್ಲದಿದ್ದರೂ, ಪ್ರತಿ ನಾಲ್ಕೈದು ಮನೆಗೊಂದರಂತೆ ರಸ್ತೆಗೆ ಅಡ್ಡವಾಗಿ ನಾಲ್ಕು ಇಂಚಿನ ಪಿವಿಸಿ ಪೈಪ್ ಹೂತು ಎರಡೂ ಬಾಯಿ ಮುಚ್ಚಿಸಿಡಿ. ಎಸ್ಟಿಮೇಟಿನಲ್ಲಿ ಮೊದಲೇ ಸೇರಿಸಿದರೆ ಖರ್ಚು ಏನೇನೂ ಅಲ್ಲ. ನಾಳೆ ನೀರಿನವರು, ಕೇಬಲ್‌ನವರು ಯಾರೇ ಬಂದರೂ ಅದರೊಳಗೆ ತೂರಿಸಿಕೊಂಡು ಹೋಗಲಿ. ಮತ್ತೆ, ಎಲ್ಲೆಲ್ಲಿ ಹೂತಿದ್ದೀರಿ ಅಂತ ಪಕ್ಕದ ಕಾಂಪೌಂಡ್ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿಸಿ. ನಾನು ಒಮ್ಮೆ ಹಾಕಿಸಲು ಮರೆತಿದ್ದೆ. ಆ ಪೈಪ್ ಎಲ್ಲಿದೆ ಅಂತ ಹುಡುಕಲಿಕ್ಕೇ ರಸ್ತೆಯನ್ನು ಮೂರು ಕಡೆ ಅಗೆದರು.